ಮದ್ದೂರಿನಿಂದ ಲಡಾಖ್‌ಗೆ ಕಾರು, ಟೆಂಟು: ಯಾವ ಎತ್ತರದಲ್ಲಿ ಮಲಗಬೇಕು?

ಪ್ರಶ್ನೆ: ನಮ್ಮದು ಮದ್ದೂರು ಹತ್ತಿರದ ಹಳ್ಳಿ. ನನಗೆ 58, ನಮ್ಮ ಮನೆಯವರಿಗೆ 53. ಮಕ್ಕಳ ಜವಾಬ್ದಾರಿ ಮುಗೀತು. ಇಬ್ಬರೇ ನಮ್ಮ ಕಾರಿನಲ್ಲಿ ಲಡಾಖ್ ನೋಡಿ ಬರೋಣ ಅಂತ ಆಸೆ. ಕಾರು 1.2 ಲೀಟರ್ ಪೆಟ್ರೋಲ್, ಟ್ಯಾಂಕ್ 42 ಲೀಟರ್. ಕೈಯಲ್ಲಿ 35 ದಿನ ಇದೆ. ಆದಷ್ಟೂ ಟೆಂಟ್ ಹಾಕಿಕೊಂಡು, ನಾವೇ ಬೇಯಿಸಿಕೊಂಡು ಹೋಗಬೇಕು. ಜೂನ್‌ನಲ್ಲಿ ಹೊರಟು ಮನಾಲಿ ಕಡೆಯಿಂದ ಎರಡು ದಿನದಲ್ಲಿ ಲೇಹ್ ಸೇರಿ, ನಡುವೆ ಸರ್ಚುವಿನಲ್ಲಿ ಟೆಂಟ್ ಹಾಕಿ ಅಂತ ಮಗ ಬರೆದುಕೊಟ್ಟಿದ್ದಾನೆ. ಮನೆಯವರು ನಾಟಿ ಮುಗಿಸಿಕೊಂಡೇ ಹೊರಡೋಣ ಅಂತಾರೆ. ಅವರಿಗೆ ಬಿಪಿ ಇದೆ, ದಿನಕ್ಕೊಂದು ಮಾತ್ರೆ. ನನಗೆ ಏನೂ ಇಲ್ಲ, ದಿನಾ ಗದ್ದೆಯಲ್ಲಿ ದುಡಿಯೋ ಮೈ. ಕರ್ಪೂರ, ಆಕ್ಸಿಜನ್ ಡಬ್ಬಿ ಇದ್ದರೆ ಸಾಕು ಅಂತಾರೆ, ನಿಜವೇ? ಚಳಿಗೆ ಟೆಂಟ್ ಒಳಗೇ ಸ್ಟವ್ ಹಚ್ಚಬಹುದೇ? ರಾತ್ರಿ ಬಯಲಿನಲ್ಲಿ ಶೌಚಕ್ಕೆ ಏನು ಮಾಡೋದು ಅನ್ನೋದು ಮನೆಯವರ ಚಿಂತೆ.

ಉತ್ತರ: ಹೋಗಬಹುದು. ನಿಮ್ಮ ವಯಸ್ಸಿನವರು, ನಿಮ್ಮಂಥದ್ದೇ ಸಣ್ಣ ಕಾರಿನಲ್ಲಿ, ಆರಾಮವಾಗಿ ಹೋಗಿ ಬರುವ ದಾರಿ ಇದು. ಆದರೆ ಮಗ ಬರೆದುಕೊಟ್ಟಿರುವ ಕ್ರಮದಲ್ಲಿ ಬೇಡ. ದಾರಿ ಕೆಟ್ಟಿದೆಯೇ, ಕಾರು ಹತ್ತುತ್ತದೆಯೇ, ಟೆಂಟ್ ಗಾಳಿ ತಡೆಯುತ್ತದೆಯೇ ಎಂಬುದೆಲ್ಲ ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನೋದನ್ನು. ಹಗಲು ಐದು ಸಾವಿರ ಮೀಟರ್ ಎತ್ತರದ ಘಟ್ಟ ದಾಟಿ ಇಳಿದರೆ ಮೈ ತಡೆದುಕೊಳ್ಳುತ್ತದೆ. ಒಗ್ಗದ ಎತ್ತರದಲ್ಲಿ ಎಂಟು ಗಂಟೆ ನಿದ್ದೆ ಮಾಡಿದರೆ ತಡೆದುಕೊಳ್ಳುವುದಿಲ್ಲ. ನಿದ್ದೆಯಲ್ಲಿ ಉಸಿರಾಟ ತಾನಾಗಿಯೇ ತಗ್ಗುತ್ತದೆ, ರಕ್ತದಲ್ಲಿನ ಆಮ್ಲಜನಕ ಇನ್ನೂ ಇಳಿಯುತ್ತದೆ.

ಸರ್ಚುವಿನ ಲೆಕ್ಕ ನೋಡಿ. ಮನಾಲಿ 2,050 ಮೀಟರ್, ಸರ್ಚು ಸುಮಾರು 4,290 ಮೀಟರ್. ಒಂದೇ ಹಗಲಿನಲ್ಲಿ 2,200 ಮೀಟರ್ ಏರಿಕೆ. ಮೈಸೂರು ಊರಿನಿಂದ ಚಾಮುಂಡಿ ಬೆಟ್ಟದ ತುದಿಗೆ 300 ಮೀಟರ್ ಅಂದುಕೊಂಡರೆ, ಒಂದರ ಮೇಲೊಂದು ಏಳು ಚಾಮುಂಡಿ ಬೆಟ್ಟ ಜೋಡಿಸಿ ಹತ್ತಿ ಅಲ್ಲೇ ಮಲಗಿದ ಹಾಗೆ. ಮನಾಲಿ ಆಚೆಯ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ 46 ಕಿ.ಮೀ. ಉಳಿಯಿತು, ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿತು. ಜೊತೆಗೆ ಒಂದೇ ದಿನಕ್ಕೆ ಸರ್ಚು ಮುಟ್ಟುವುದು ಇನ್ನೂ ಸುಲಭವಾಯಿತು, ಮೈ ಒಗ್ಗಲು ಸಿಗುತ್ತಿದ್ದ ಸಮಯ ಇನ್ನೂ ಕಡಿಮೆಯಾಯಿತು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅಲ್ಲೇ ಉಳಿಯಬೇಕು ಎನ್ನುವುದು ಪರ್ವತ ವೈದ್ಯರು ಒಪ್ಪಿರುವ ಕಟ್ಟಳೆ.

ಸರ್ಚುವಿಗೆ ಇನ್ನೊಂದು ಕೆಟ್ಟ ಗುಣವಿದೆ, ಅದನ್ನು ನಕಾಶೆ ಹೇಳುವುದಿಲ್ಲ. ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆಗೆ ನಿಜವಾದ ಮದ್ದು ಕೆಳಗಿಳಿಯುವುದು. ಸರ್ಚುವಿನಿಂದ ಇಳಿಯಬೇಕಾದರೆ ಮೊದಲು ಹತ್ತಬೇಕು! ಮನಾಲಿ ಕಡೆಗೆ ಹೊರಟರೆ 4,890 ಮೀಟರ್‌ನ ಬಾರಾಲಾಚಾ ಲಾ (ಲಾ ಎಂದರೆ ಬೆಟ್ಟಸಾಲು ದಾಟುವ ಘಟ್ಟ), ಲೇಹ್ ಕಡೆಗೆ ಹೊರಟರೆ ಗಾಟಾ ಲೂಪ್ಸ್‌ನ 21 ತಿರುವು ಹತ್ತಿ ನಕೀ ಲಾ, ಆಮೇಲೆ 5,000 ಮೀಟರ್ ದಾಟುವ ಲಾಚುಂಗ್ ಲಾ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದವರನ್ನು ಕೂರಿಸಿಕೊಂಡು, ಫೋನ್ ಸಿಗ್ನಲ್ ನಂಬಲಾಗದ ಕಡೆ, ಮೊದಲು 600 ಮೀಟರ್ ಮೇಲೇರಿ ಆಮೇಲೆ ಇಳಿಯುವುದು ಯಾರಿಗೂ ಬರಬಾರದ ಸ್ಥಿತಿ.

ಹಾಗಾಗಿ ಹೋಗುವಾಗ ಶ್ರೀನಗರದ ದಾರಿ, ಬರುವಾಗ ಮನಾಲಿಯ ದಾರಿ ಹಿಡಿಯಿರಿ. ಮದ್ದೂರಿನಿಂದ ಬೆಂಗಳೂರು, ಅಲ್ಲಿಂದ ಹೆದ್ದಾರಿ 44 ಹಿಡಿದು ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ, ದೆಹಲಿ, ಪಠಾಣ್‌ಕೋಟ್, ಜಮ್ಮು ಮೇಲೆ ಶ್ರೀನಗರಕ್ಕೆ ಸುಮಾರು 3,000 ಕಿ.ಮೀ. ದಿನಕ್ಕೆ 400–450 ಕಿ.ಮೀ. ಎಂದರೆ ಏಳೆಂಟು ದಿನ. ಈ ಭಾಗದಲ್ಲಿ ಟೆಂಟ್ ಮಾತೇ ಬೇಡ, ಹೆದ್ದಾರಿ ಬದಿಯ ಲಾಡ್ಜ್‌ನಲ್ಲಿ ಮಲಗಿ ಬೆಳಿಗ್ಗೆ ಐದಕ್ಕೆ ಹೊರಡಿ. ಶ್ರೀನಗರ 1,585 ಮೀಟರ್, ಅಲ್ಲಿ ಎರಡು ರಾತ್ರಿ. ಸೋನಾಮಾರ್ಗ್ 2,740 ಮೀಟರ್, ಒಂದು ರಾತ್ರಿ. ಬೆಳಿಗ್ಗೆ 3,528 ಮೀಟರ್‌ನ ಜೋಜಿ ಲಾ ದಾಟಿ 2,676 ಮೀಟರ್‌ನ ಕಾರ್ಗಿಲ್‌ಗೆ ಇಳಿಯುತ್ತೀರಿ, ಅಲ್ಲಿ ಎರಡು ರಾತ್ರಿ. ಮರುದಿನ ನಮಿಕಾ ಲಾ, 4,108 ಮೀಟರ್‌ನ ಫೋಟು ಲಾ ದಾಟಿ ಮತ್ತೆ ಸಿಂಧೂ ನದಿ ಪಕ್ಕದ ಆಲ್ಚಿಗೆ, ಅದು 3,100 ಮೀಟರ್ ಆಸುಪಾಸು. ಅಲ್ಲೊಂದು ರಾತ್ರಿ ಕಳೆದು ಲೇಹ್, 3,500 ಮೀಟರ್, ಮೂರು ರಾತ್ರಿ. ಹಗಲು ಹತ್ತುವುದು, ಸಂಜೆ ಇಳಿದು ಮಲಗುವುದು. ಈ ದಾರಿಯ ನೆಲವೇ ಹಾಗಿದೆ.

ಇಲ್ಲೂ ತೊಂದರೆ ಇಲ್ಲವೆಂದಲ್ಲ. ಜಮ್ಮು–ಶ್ರೀನಗರ ನಡುವೆ ಮಳೆ ಬಂದರೆ ಗುಡ್ಡ ಕುಸಿದು ಒಂದೆರಡು ದಿನ ರಸ್ತೆ ಕಟ್ಟುವುದುಂಟು. ಜೋಜಿ ಲಾ ಮೇಲೆ ವಾಹನ ಬಿಡುವ ಹೊತ್ತು ಬದಲಾಗುತ್ತಿರುತ್ತದೆ, ಹಿಂದಿನ ಸಂಜೆಯೇ ಸೋನಾಮಾರ್ಗ್‌ನಲ್ಲಿ ಪೊಲೀಸರನ್ನು ಕೇಳಿಕೊಳ್ಳಿ. ಕಾಶ್ಮೀರ ಕಣಿವೆಯಲ್ಲಿ ಬಯಲಿನಲ್ಲಿ ನಿಮ್ಮದೇ ಟೆಂಟ್ ಹಾಕಬೇಡಿ. ಹೊರಡುವ ವಾರ ಭದ್ರತೆಯ ಸೂಚನೆ ಏನಿದೆ ನೋಡಿ. ಹೋಗಬೇಡಿ ಎಂದಿದ್ದರೆ ಮನಾಲಿ ದಾರಿಯಲ್ಲೇ ಹೋಗಿ, ಆದರೆ ಮನಾಲಿಯಲ್ಲಿ ಎರಡು, ಜಿಸ್ಪಾದಲ್ಲಿ (3,200 ಮೀಟರ್) ಮೂರು ರಾತ್ರಿ ಕಳೆದು, ನಾಲ್ಕನೇ ದಿನ ಕತ್ತಲಿರುವಾಗಲೇ ಹೊರಟು ಸರ್ಚುವಿನಲ್ಲಿ ನಿಲ್ಲದೆ ಲೇಹ್ ಸೇರಿ. 330 ಕಿ.ಮೀ.ಗೂ ಹೆಚ್ಚು, 11–12 ಗಂಟೆಯ ದಣಿವು. ಅದಕ್ಕೇ ಅದು ಎರಡನೇ ಆಯ್ಕೆ.

ತಿಂಗಳಿನ ವಿಚಾರದಲ್ಲಿ ನಿಮ್ಮ ಮನೆಯವರು ಹೇಳಿದ್ದೇ ಸರಿ. ಜೂನ್ ಮೊದಲ ಭಾಗದಲ್ಲಿ ನಾಗಪುರ, ಝಾನ್ಸಿ, ಗ್ವಾಲಿಯರ್ ಬಾಣಲೆಯಂತೆ ಕಾದಿರುತ್ತವೆ. ಜುಲೈನಲ್ಲಿ ಅಮರನಾಥ ಯಾತ್ರೆಯ ದಟ್ಟಣೆ, ಹಿಮ ಕರಗಿ ತುಂಬಿದ ಹಳ್ಳಗಳು, ಹಿಮಾಚಲದಲ್ಲಿ ಮಳೆ. ನಾಟಿ ಮುಗಿಸಿ ಆಗಸ್ಟ್ ಕೊನೆಯ ವಾರ ಹೊರಟರೆ ಸೆಪ್ಟೆಂಬರ್ ಎರಡನೇ ವಾರ ಲೇಹ್‌ನಲ್ಲಿರುತ್ತೀರಿ. ಆಕಾಶ ತೊಳೆದಿಟ್ಟಂತಿರುತ್ತದೆ, ಹಳ್ಳದ ನೀರು ಇಳಿದಿರುತ್ತದೆ. ರಾತ್ರಿ ಚಳಿ ಮಾತ್ರ ಜಾಸ್ತಿ. ವಾಪಸು ಬರುವಾಗ ಹಿಮಾಚಲದಲ್ಲಿ ತಡವಾದ ಮಳೆ ಹಿಡಿದರೆ ಕಾಯಲು ಮೂರು ದಿನ ಕೈಯಲ್ಲಿ ಉಳಿಸಿಕೊಂಡಿರಿ. ಬಹುತೇಕ ವರ್ಷ ವಿಜಯದಶಮಿಯ ಹೊತ್ತಿಗೆ ಮನೆಯಲ್ಲಿರುತ್ತೀರಿ.

ಇನ್ನು ಮೈಯ ವಿಚಾರ. “ದುಡಿಯೋ ಮೈ, ನನಗೇನೂ ಆಗಲ್ಲ” ಎಂಬ ನಂಬಿಕೆಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಹೊರಡಿ. ಗಟ್ಟಿತನಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ಗಟ್ಟಿ ಮೈಯವರೇ ಮೊದಲ ದಿನ ಜೋರಾಗಿ ಓಡಾಡಿ, ತಲೆನೋವನ್ನು ಹೇಳಿಕೊಳ್ಳದೆ ಮಲಗುತ್ತಾರೆ. ಬಿಪಿ ಹಿಡಿತದಲ್ಲಿದ್ದರೆ ನಿಮ್ಮ ಮನೆಯವರಿಗೆ ಹೋಗಲು ಅಡ್ಡಿಯಿಲ್ಲ. ಆದರೆ ಮೊದಲ ಕೆಲವು ದಿನ ಎತ್ತರದಲ್ಲಿ ಬಿಪಿ ಏರುತ್ತದೆ, ಮನೆಯಲ್ಲಿ ಬಳಸುವ ಬಿಪಿ ಯಂತ್ರ ಜೊತೆಗಿರಲಿ. ಆ ಒಂದು ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದೆಯೇ ಎಂದು ವೈದ್ಯರನ್ನು ಕೇಳಿ. ಎತ್ತರಕ್ಕೆಂದು ಕೊಡುವ ಅಸೆಟಜೋಲಮೈಡ್ ಕೂಡ ಮೂತ್ರ ಹೆಚ್ಚಿಸುತ್ತದೆ, ಎರಡೂ ಸೇರಿದರೆ ಮೈಯ ನೀರು ಬತ್ತುತ್ತದೆ. ಆ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿ.ಗ್ರಾಂ.ನಂತೆ ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಿ ಆಗದವರು ಮೊದಲೇ ಹೇಳಬೇಕು. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆ ಅಲ್ಲ ಇದು. ಇಬ್ಬರೂ ಹೊರಡುವ ತಿಂಗಳ ಮೊದಲು ಇಸಿಜಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. “ನನಗೆ ಏನೂ ಇಲ್ಲ” ಎಂದವರ ಸಕ್ಕರೆ, ಬಿಪಿ ಇಂಥ ಪರೀಕ್ಷೆಯಲ್ಲೇ ಮೊದಲು ಗೊತ್ತಾಗುವುದು.

ಕರ್ಪೂರದ ಮಾತು. ಮೂಸಿದರೆ ಮೂಗಿನಲ್ಲಿ ತಣ್ಣನೆಯ ಅನುಭವವಾಗಿ ಉಸಿರು ಸಲೀಸಾದಂತೆ ಅನಿಸುತ್ತದೆ, ಅಷ್ಟೇ. ರಕ್ತಕ್ಕೆ ಒಂದು ಹನಿ ಆಮ್ಲಜನಕವೂ ಹೆಚ್ಚು ಸೇರುವುದಿಲ್ಲ. ಲೇಹ್‌ನ ಗಾಳಿಯಲ್ಲೂ ಆಮ್ಲಜನಕ ನೂರಕ್ಕೆ 21 ಭಾಗವೇ. ಕಡಿಮೆಯಾಗಿರುವುದು ಗಾಳಿಯ ಒತ್ತಡ, ಸಮುದ್ರಮಟ್ಟದ ಮೂರನೇ ಎರಡು ಭಾಗ. ಆಕ್ಸಿಜನ್ ಡಬ್ಬಿಯದೂ ಹಾಗೇ: 10 ಲೀಟರ್ ಎಂದು ಬರೆದ ಡಬ್ಬಿ ನಿಮಿಷಕ್ಕೆ 2 ಲೀಟರ್‌ನಂತೆ ಐದು ನಿಮಿಷಕ್ಕೆ ಖಾಲಿ. ಅದರ ಧೈರ್ಯದ ಮೇಲೆ ಒಂದು ರಾತ್ರಿ ಜಾಸ್ತಿ ಉಳಿಯುವುದೇ ಅಪಾಯ. ಚಳಿಗೆ ಒಂದು ಪೆಗ್ ಎನ್ನುವುದೂ ಬೇಡ. ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗೆನಿಸುತ್ತದೆ, ಒಳಗಿನ ಬಿಸಿ ಹೊರಗೆ ಹೋಗುತ್ತದೆ, ನಿದ್ದೆಯಲ್ಲಿ ಉಸಿರು ಇನ್ನೂ ತಗ್ಗುತ್ತದೆ.

ತಲೆನೋವು, ಹೊಟ್ಟೆ ತೊಳಸುವುದು, ಊಟ ಬೇಡವಾಗುವುದು, ತಲೆ ಸುತ್ತು ಕಂಡರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಬಹಳ ಸಲ ಒಂದು ದಿನದಲ್ಲಿ ಇಳಿಯುತ್ತದೆ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನೊರೆ ಕಫ ಬಂದರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆ ಎಂದರ್ಥ. ಮಾತು ತಡವರಿಸಿದರೆ, ಎಡವಿದರೆ, ನೆಲದ ಮೇಲೆ ಗೆರೆ ಎಳೆದು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳು ಊದಿಕೊಂಡಿದೆ. ಇವೆರಡರಲ್ಲಿ ಯಾವುದಿದ್ದರೂ ಬೆಳಗಾಗಲಿ ಎನ್ನದೆ ಆಗಲೇ ಇಳಿಯಬೇಕು. ಪ್ರತಿದಿನ ಬೆಳಿಗ್ಗೆ, ಸಂಜೆ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಕಾಯಿಲೆ ಬಿದ್ದವರಿಗೆ ತಮಗೇನಾಗಿದೆ ಎಂದು ಎಷ್ಟೋ ಸಲ ತಿಳಿಯುವುದಿಲ್ಲ.

ಟೆಂಟ್ ಒಳಗೆ ಸ್ಟವ್? ಖಂಡಿತ ಬೇಡ. ಕಾರಿನೊಳಗೂ ಬೇಡ, ಇದ್ದಿಲ ಒಲೆಯೂ ಬೇಡ. ಮುಚ್ಚಿದ ಜಾಗದಲ್ಲಿ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೊಡುವ ತಲೆನೋವು, ವಾಕರಿಕೆ ಎತ್ತರದ ಕಾಯಿಲೆಯ ಹಾಗೇ ಇರುವುದರಿಂದ “ಹೈಟ್ ಹಿಡಿದಿದೆ, ಮಲಗಿದರೆ ಸರಿಹೋಗುತ್ತೆ” ಎಂದು ಮಲಗಿದವರು ಏಳುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಮಕ್ಕಳೂ ಸೇರಿ, ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದ ಕೋಣೆಯಲ್ಲೇ ತೀರಿಕೊಂಡರು. ಟೆಂಟ್ ಕೋಣೆಗಿಂತಲೂ ಚಿಕ್ಕದು.

ಚಳಿಗೆ ಉತ್ತರ ಮೈ ಕೆಳಗಿನ ಚಾಪೆಯಲ್ಲಿದೆ. ಹೊದಿಕೆಗೆ ಸಾವಿರಾರು ರೂಪಾಯಿ ಸುರಿದು ತೆಳು ಯೋಗ ಮ್ಯಾಟ್ ಮೇಲೆ ಮಲಗಿದರೆ ಬೆನ್ನು ಕೊರೆಯುತ್ತದೆ, ಏಕೆಂದರೆ ಮೈ ಭಾರಕ್ಕೆ ಮಲಗುವ ಚೀಲದೊಳಗೆ ತುಂಬಿದ್ದು ಅಮುಕಿ ಹೋಗಿ ನೆಲ ಬಿಸಿ ಹೀರುತ್ತದೆ. ಮಡಚುವ ಫೋಮ್ ಮ್ಯಾಟ್ ಒಂದು, ಅದರ ಮೇಲೆ ಗಾಳಿ ತುಂಬುವ ಮ್ಯಾಟ್ ಒಂದು, ತಲೆಗೊಂದರಂತೆ. ಕೊಳ್ಳುವಾಗ ಆರ್-ವ್ಯಾಲ್ಯೂ (ಮ್ಯಾಟ್ ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಎನ್ನುವ ಅಂಕಿ) ಕೇಳಿ, ಎರಡೂ ಕೂಡಿ 4 ದಾಟಿರಬೇಕು. ಸ್ಲೀಪಿಂಗ್ ಬ್ಯಾಗ್ ಮೇಲೆ ಎರಡು ಮೂರು ಉಷ್ಣಾಂಶ ಬರೆದಿರುತ್ತಾರೆ: ‘ಎಕ್ಸ್‌ಟ್ರೀಮ್’ ಎಂದು ದಪ್ಪಕ್ಷರದಲ್ಲಿರುವುದು ಜೀವ ಉಳಿಯುವ ಮಿತಿ, ನಿದ್ದೆ ಬರುವ ಮಿತಿಯಲ್ಲ. ‘ಕಂಫರ್ಟ್’ ಎಂಬಲ್ಲಿ ಮೈನಸ್ 5 ಇರುವುದನ್ನು ನೋಡಿ ತೆಗೆದುಕೊಳ್ಳಿ. ಟೆಂಟ್ ಎರಡು ಪದರದ್ದು, ಅಲ್ಯೂಮಿನಿಯಂ ಕಡ್ಡಿಯದು, ಮೂರು ಜನಕ್ಕೆ ಎಂದು ಮಾರುವುದು ಇಬ್ಬರಿಗೆ ಸರಿ. ಜೊತೆಗೆ ಬರುವ ಪ್ಲಾಸ್ಟಿಕ್ ಗೂಟ ಲಡಾಖ್‌ನ ಕಲ್ಲುನೆಲಕ್ಕೆ ಮುರಿಯುತ್ತದೆ. ಎಂಟು ಅಂಗುಲದ ಕಬ್ಬಿಣದ ಮೊಳೆ ಹದಿನಾರು, ಸುತ್ತಿಗೆ, ಹತ್ತು ಮೀಟರ್ ಹಗ್ಗ ಇಟ್ಟುಕೊಳ್ಳಿ. ಮೊಳೆ ಇಳಿಯದ ಕಡೆ ಹಗ್ಗವನ್ನು ದಪ್ಪ ಕಲ್ಲಿಗೆ ಕಟ್ಟಬೇಕು. ಚಳಿಯೆಂದು ಗಾಳಿಕಿಂಡಿ ಮುಚ್ಚಬೇಡಿ. ಇಬ್ಬರ ಉಸಿರಿನ ಆವಿ ಮೇಲ್ಪದರಕ್ಕೆ ಕಟ್ಟಿ, ಬೆಳಗಿನ ಜಾವ ಹೆಪ್ಪುಗಟ್ಟಿ, ಬಿಸಿಲು ಬಿದ್ದೊಡನೆ ಹೊದಿಕೆಯ ಮೇಲೆ ಹನಿಯುತ್ತದೆ. ಒಣಗಿದ ಹಳ್ಳದ ಪಾತ್ರ ಎಷ್ಟೇ ಸಮತಟ್ಟಾಗಿ ಕಂಡರೂ ಅಲ್ಲಿ ಟೆಂಟ್ ಹಾಕಬಾರದು. 2010ರ ಆಗಸ್ಟ್ 6ರ ನಸುಕಿನ ಮೇಘಸ್ಫೋಟ ಲೇಹ್ ಊರಿನ ಮನೆಗಳನ್ನೇ ಕೊಚ್ಚಿಕೊಂಡು ಹೋಯಿತು.

ಟೆಂಟ್ ಕಟ್ಟುವುದನ್ನು ಇಲ್ಲೇ ಕಲಿತು ಹೊರಡಿ. ಅದಕ್ಕೆ ಬಂಡೀಪುರ, ನಾಗರಹೊಳೆ ಅಂಚಿಗೆ ಹೋಗಬೇಡಿ, ಅನುಮತಿಯಿಲ್ಲದೆ ಅರಣ್ಯದಲ್ಲಿ ತಂಗುವುದು ಅಪರಾಧ. ನಿಮ್ಮದೇ ತೆಂಗಿನ ತೋಟದಲ್ಲಿ, ಕಾಯಿ ಬೀಳದ ಜಾಗ ನೋಡಿ, ಮೂರು ರಾತ್ರಿ ಮಲಗಿ. ಒಂದು ಸಲ ಕತ್ತಲಲ್ಲಿ, ಕೈಗವಸು ಹಾಕಿಕೊಂಡು ಕಟ್ಟಿ ನೋಡಿ.

ಅಲ್ಲಿ ಟೆಂಟ್ ಎಲ್ಲೆಲ್ಲಿ? ಆಲ್ಚಿಯಲ್ಲಿ ಮನೆಗಳ ಏಪ್ರಿಕಾಟ್ ತೋಟಗಳಿವೆ, ಯಜಮಾನರನ್ನು ಕೇಳಿ ಬಾಡಿಗೆ ಕೊಟ್ಟು ಹಾಕಬಹುದು. ಲೇಹ್ ಆದ ಮೇಲೆ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆಯ ದಿಸ್ಕಿತ್–ಹುಂದರ್, ಮತ್ತೆ 3,100 ಮೀಟರ್‌ಗೆ ಇಳಿಯುವ ಜಾಗ, ಎರಡು ರಾತ್ರಿ. ಕೊನೆಯಲ್ಲಿ ಭಾಗಾ ನದಿ ದಂಡೆಯ ಜಿಸ್ಪಾ. ಪಾಂಗಾಂಗ್ 4,200 ಮೀಟರ್ ಮೇಲಿದೆ, ಲೇಹ್ ಮತ್ತು ನುಬ್ರಾ ಸೇರಿ ಐದಾರು ರಾತ್ರಿ ಕಳೆದ ಮೇಲಷ್ಟೇ ಒಂದು ರಾತ್ರಿ, ಅದೂ ಹಳ್ಳಿಯ ಹೋಮ್‌ಸ್ಟೇನಲ್ಲಿ. ಪಾಂಗಾಂಗ್, ತ್ಸೋ ಮೊರಿರಿ ಸರೋವರಗಳ ದಂಡೆಗೆ ಕಾರು ಇಳಿಸುವುದಾಗಲಿ ಟೆಂಟ್ ಹಾಕುವುದಾಗಲಿ ಬೇಡವೇ ಬೇಡ. ಕಪ್ಪು ಕತ್ತಿನ ಕ್ರೌಂಚ ಹಕ್ಕಿ ಮರಿಮಾಡುವ ಜೌಗು ಆ ಭಾಗದ್ದು, ಒಂದು ಸಲ ಚಕ್ರ ಹರಿದ ಗುರುತು ಅಲ್ಲಿ ವರ್ಷಗಟ್ಟಲೆ ಮಾಸುವುದಿಲ್ಲ. ಒಟ್ಟಿನಲ್ಲಿ ನಿಮ್ಮ 35 ರಾತ್ರಿಯಲ್ಲಿ ಏಳೆಂಟು ಟೆಂಟಿನಲ್ಲಿ ಕಳೆದರೆ ಅದು ಒಳ್ಳೆಯ ಪ್ರವಾಸ.

ಅಡುಗೆಯಲ್ಲಿ ಒಂದು ವಿಜ್ಞಾನ ತಿಳಿದಿದ್ದರೆ ಸಾಕು. ಲೇಹ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಸರ್ಚುವಿನಲ್ಲಿ 86ಕ್ಕೆ. ಕುದಿಯುತ್ತಿದ್ದರೂ ಬೇಳೆ ಬೇಯುವುದಿಲ್ಲ. ಮೂರು ಲೀಟರ್ ಕುಕ್ಕರ್ ಒಯ್ಯಿರಿ, ತೊಗರಿ ಬದಲು ಹೆಸರುಬೇಳೆ ಇರಲಿ, ನೆನೆಸಿ ಹಾಕಿ, ಮನೆಗಿಂತ ಎರಡು ಮೂರು ವಿಷಲ್ ಜಾಸ್ತಿ ಕೂಗಿಸಿ. ರಾಗಿ ಹಿಟ್ಟು ಆ ಬಿಸಿಗೂ ಬೇಯುತ್ತದೆ, ಮುದ್ದೆಗೆ ತೊಂದರೆಯಿಲ್ಲ. ಉಪ್ಸಾರಿನ ಖಾರ ರುಬ್ಬಿ ಡಬ್ಬಿಗೆ ತುಂಬಿಕೊಳ್ಳಿ. ತಲೆನೋವು ಬಂದ ದಿನ ಒಲೆ ಹಚ್ಚುವುದೂ ಬೇಡವೆನಿಸುತ್ತದೆ. ಅವತ್ತಿಗೆ ಎರಡು ಕೆ.ಜಿ. ರಾಗಿ ಹುರಿಹಿಟ್ಟು, ಬೆಲ್ಲ ಇದ್ದರೆ ಊಟವಾದಂತೆಯೇ. ಸಣ್ಣ ಗ್ಯಾಸ್ ಡಬ್ಬಿಗಳನ್ನು ಬೆಂಗಳೂರಿನಲ್ಲಿ ಕೊಂಡು ಒಯ್ಯಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅವು ತಾಳುವ 50 ಡಿಗ್ರಿ ಸುಲಭವಾಗಿ ದಾಟುತ್ತದೆ. ಲೇಹ್‌ನ ಚಾರಣ ಸಾಮಗ್ರಿ ಅಂಗಡಿಗಳಲ್ಲಿ ಕೊಳ್ಳಿ. ಬರೀ ಬ್ಯೂಟೇನ್ ಇರುವ ಡಬ್ಬಿ ಸೊನ್ನೆ ಡಿಗ್ರಿಯಲ್ಲಿ ಆವಿಯಾಗದೆ ಉರಿ ಕುಂದುತ್ತದೆ, ಐಸೊಬ್ಯೂಟೇನ್–ಪ್ರೊಪೇನ್ ಮಿಶ್ರಣದ್ದೇ ಕೇಳಿ. 

ಕಾರಿನ ಬಗ್ಗೆ ಚಿಂತೆ ಬೇಡ. ಟರ್ಬೊ ಇಲ್ಲದ ನಿಮ್ಮ ಎಂಜಿನ್ ಲೇಹ್–ಮನಾಲಿ ದಾರಿಯ ತಂಗ್ಲಂಗ್ ಲಾ ತುದಿಯಲ್ಲಿ ಅರ್ಧದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಎಸಿ ಆರಿಸಿ, ಮೊದಲ ಗೇರಿನಲ್ಲಿ ಹತ್ತಿಸಿ, ಸಾಮಾನು ಕಡಿಮೆ ಮಾಡಿ. ರೇಡಿಯೇಟರ್‌ಗೆ ಬರೀ ನೀರು ತುಂಬಿಸುವುದು ನಮ್ಮಲ್ಲಿ ರೂಢಿ, ಅದು ಅಲ್ಲಿ ಗಡ್ಡೆಕಟ್ಟಿ ಎಂಜಿನ್ ಒಡೆಯಬಹುದು. ಪೂರ್ತಿ ಬಸಿದು ಕೂಲಂಟ್, ಡಿಸ್ಟಿಲ್ಡ್ ನೀರು ಸಮಪಾಲು ಹಾಕಿಸಿ. ಬ್ರೇಕ್ ಆಯಿಲ್ ಎರಡು ವರ್ಷ ಹಳೆಯದಾದರೆ ಬದಲಾಯಿಸಿ, ನೀರಿನಂಶ ಹೀರಿದ ಆಯಿಲ್ ಉದ್ದದ ಇಳಿಜಾರಿನಲ್ಲಿ ಕುದಿದು ಪೆಡಲ್ ಒಳಕ್ಕೆ ಹೋಗುತ್ತದೆ. ಟೈರಿನ ಗಾಳಿ ಲೇಹ್‌ನಲ್ಲಿ ಮತ್ತೆ ಅಳೆಯಿಸಿ, ಹೊರಗಿನ ಒತ್ತಡ ಕಡಿಮೆಯಾದ್ದರಿಂದ ನಾಲ್ಕೈದು ಪಿಎಸ್‌ಐ ಏರಿರುತ್ತದೆ. ವಾಪಸು ಬರುವಾಗ ಲೇಹ್ ಆಚೆಯ ‘ಕಾರೂ’ (Karu) ಎಂಬ ಊರಿನ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿದರೆ ಮುಂದೆ ಕೀಲಾಂಗ್–ತಾಂಡಿವರೆಗೆ ಬಂಕ್ ಇಲ್ಲವೆಂದೇ ಇಟ್ಟುಕೊಳ್ಳಿ, 330 ಕಿ.ಮೀ. ಆಸುಪಾಸು. ಲೀಟರ್‌ಗೆ 11 ಕಿ.ಮೀ. ಕೊಟ್ಟರೂ 30 ಲೀಟರ್ ಸಾಕು, ಕ್ಯಾನ್‌ನಲ್ಲಿ ಪೆಟ್ರೋಲ್ ಹೊರುವುದು ಬೇಡ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಇಬ್ಬರದೂ ಪೋಸ್ಟ್‌ಪೇಯ್ಡ್ ಮಾಡಿಸಿ. ಸ್ಯಾಟಲೈಟ್ ಫೋನ್ ಯಾರಾದರೂ ಕೊಡುತ್ತೇನೆಂದರೂ ಒಯ್ಯಬೇಡಿ, ಅನುಮತಿಯಿಲ್ಲದೆ ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಬಂಧಿಸುತ್ತಾರೆ.

ಇಷ್ಟೆಲ್ಲ ಹೇಳಿಯೂ, ವಾಪಸು ಬರುವಾಗ ಸರ್ಚುವಿನಲ್ಲಿ ಒಂದು ರಾತ್ರಿ ತಂಗಿ ಎಂದೇ ಹೇಳುತ್ತೇನೆ. ಅಷ್ಟು ಹೊತ್ತಿಗೆ ಹತ್ತಕ್ಕೂ ಹೆಚ್ಚು ರಾತ್ರಿ ಎತ್ತರದಲ್ಲಿ ಕಳೆದು ಮೈ ಒಗ್ಗಿರುತ್ತದೆ. ಬಾರಾಲಾಚಾ ಇಳಿದ ಮೇಲೆ ಝಿಂಗ್‌ಝಿಂಗ್‌ಬಾರ್ ಹತ್ತಿರದ ಹಳ್ಳಗಳು ಹಿಮ ಕರಗಿದ ನೀರಿನವು. ಬೆಳಿಗ್ಗೆ ಕಣಕಾಲಷ್ಟಿದ್ದದ್ದು ಮಧ್ಯಾಹ್ನ ಮೂರಕ್ಕೆ ಮೊಣಕಾಲು ಮುಟ್ಟುತ್ತದೆ. ಒಂದೇ ದಿನಕ್ಕೆ ಲೇಹ್‌ನಿಂದ ಜಿಸ್ಪಾಗೆ ಹೊರಟವರು ಅಲ್ಲಿಗೆ ಬರುವುದು ಸರಿಯಾಗಿ ಆ ಹೊತ್ತಿಗೇ. ಸರ್ಚುವಿನ ಕಾಯಂ ಕ್ಯಾಂಪಿನಲ್ಲಿ ಮಲಗಿ, ಬೆಳಿಗ್ಗೆ ಒಂಬತ್ತರೊಳಗೆ ಹಳ್ಳ ದಾಟಿ. ಮುಂದಿನ ಗಾಡಿ ಪೂರ್ತಿ ದಾಟುವವರೆಗೆ ಕಾಯಿರಿ, ಮೊದಲ ಗೇರ್, ಒಂದೇ ಸಮ ಆಕ್ಸಿಲರೇಟರ್, ನಡುವೆ ಕ್ಲಚ್ ಒತ್ತಬಾರದು. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ನೀರು ಒಳಗೆಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿಸಿ ದಡ ಮುಟ್ಟಿಸಿ.

ಇನ್ನು ನಿಮ್ಮ ಮನೆಯವರು ಕೇಳಿದ್ದು. ಈ ಮುಜುಗರಕ್ಕೇ ಎಷ್ಟೋ ಹೆಂಗಸರು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ, ಅದರಿಂದ ತಲೆನೋವು ಹೆಚ್ಚುತ್ತದೆ, ಉರಿಮೂತ್ರ ಹಿಡಿಯುತ್ತದೆ. ಹಾಗಾಗಿ ಇದಕ್ಕೆ ವ್ಯವಸ್ಥೆ ಮಾಡಿಕೊಂಡೇ ಹೊರಡಬೇಕು. ನಿಂತು ಬಳಸುವಷ್ಟು ಎತ್ತರದ ಸಣ್ಣ ಶೌಚದ ಟೆಂಟ್, ಮಡಚುವ ಕಮೋಡ್ ಸ್ಟೂಲ್ ಸಿಗುತ್ತವೆ, ಎರಡೂ ಡಿಕ್ಕಿಯಲ್ಲಿ ಹಿಡಿಯುತ್ತವೆ. ಅದನ್ನು ಮಲಗುವ ಟೆಂಟಿನಿಂದ ಹತ್ತು ಹೆಜ್ಜೆ ದೂರದಲ್ಲಿ, ನೀರಿನಿಂದ ಕನಿಷ್ಠ 60 ಮೀಟರ್ ಆಚೆ, ಬೆಳಕಿರುವಾಗಲೇ ನಿಲ್ಲಿಸಿ. ಒಂದು ಗೇಣು ಆಳದ ಗುಂಡಿ ತೋಡಿ ಮಣ್ಣು ಮುಚ್ಚಿ. ಆ ಒಣ ಚಳಿಯಲ್ಲಿ ಕಾಗದ, ಪ್ಯಾಡ್ ಕೊಳೆಯುವುದೇ ಇಲ್ಲ, ಮುಚ್ಚಿದ ಚೀಲದಲ್ಲಿ ಲೇಹ್‌ಗೆ ವಾಪಸು ತನ್ನಿ. ನಡುರಾತ್ರಿ ಹೊರಗೆ ಹೋಗುವುದಾದರೆ ತಲೆಗೆ ಕಟ್ಟುವ ಟಾರ್ಚ್ ಹಾಕಿಕೊಳ್ಳಲಿ, ನೀವೂ ಎದ್ದು ಜೊತೆಗೆ ಹೋಗಿ. ಆ ಕಡೆ ಬೀದಿನಾಯಿಗಳು ಗುಂಪಾಗಿರುತ್ತವೆ, ಕೈಯಲ್ಲೊಂದು ಕೋಲಿರಲಿ. ಹಳ್ಳಿಯ ಹೋಮ್‌ಸ್ಟೇಗಳಲ್ಲಿ ಲಡಾಖಿಗಳ ಒಣ ಶೌಚಾಲಯ ಇರುತ್ತದೆ, ಮಹಡಿಯ ನೆಲದಲ್ಲಿ ಒಂದು ಕಂಡಿ, ಮೂಲೆಯಲ್ಲಿ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಅದಕ್ಕೆ ನೀರು ಸುರಿಯಬಾರದು, ಆ ಗೊಬ್ಬರ ಅವರ ಬಾರ್ಲಿ ಗದ್ದೆಗೆ ಹೋಗುತ್ತದೆ. ತೊಳೆದುಕೊಳ್ಳಲು ಹೋಮ್‌ಸ್ಟೇ ಯಜಮಾನರನ್ನು ಕೇಳಿದರೆ ಬೇರೆ ಜಾಗ ತೋರಿಸುತ್ತಾರೆ. ಬಳಸಿದ ಮೇಲೆ ಎರಡು ಸಲಿಕೆ ಮಣ್ಣು ಕಂಡಿಗೆ ತಳ್ಳಿ ಬಂದರೆ ಆಯಿತು.